ದಿಮ್ನನ ವಿಚಾರಣೆ, ಟಿಟ್ಟಿಭದ ನಿಯ್ಯತ್

ನಮಾಝಿಗೆ ನಿಂತಾಗಲೂ ಉಪವಾಸ ಹಿಡಿಯುವಾಗಲೂ ನಮ್ಮಲ್ಲಿ ಮೊದಲು ಬರುವುದು ನಿಯ್ಯತ್. ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಬಿಟ್ಟು ಕೆಲಸವನ್ನು ಅಳೆಯುವುದಿಲ್ಲ. ಹಾಗಾದರೆ ಪ್ರಾಣಿ ಮೋಸ ಮಾಡಿದಾಗ? ಅದು ಬೇಕೆಂದೇ ಮಾಡಿತೇ?

ಪಂಚತಂತ್ರ 6ನೇ ಶತಮಾನದಲ್ಲಿ ಪರ್ಷಿಯಾದ ಪಹ್ಲವಿ ಭಾಷೆಗೆ ಹೋಯಿತು. 8ನೇ ಶತಮಾನದಲ್ಲಿ ಇಬ್ನುಲ್ ಮುಖಫ್ಫ ಅದನ್ನು ಅರಬಿಗೆ ತಂದರು. ಕರಟಕ, ದಮನಕ ಎಂಬ ನರಿಗಳು ಅಲ್ಲಿ ಕಲೀಲ, ದಿಮ್ನ ಆದವು. ಕನ್ನಡಕ್ಕೆ ಅದನ್ನು 11ನೇ ಶತಮಾನದಲ್ಲಿ ತಂದವನು ದುರ್ಗಸಿಂಹ, ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ. ಇಬ್ಬರೂ ಆಸ್ಥಾನದ ಬರವಣಿಗೆಯವರು, ಚಾಡಿಮಾತಿನ ಬೆಲೆ ಬಲ್ಲವರು. ಇಬ್ನುಲ್ ಮುಖಫ್ಫರಂತೂ ಕೊನೆಗೆ ಅಧಿಕಾರಿಗಳ ಕೈಯಲ್ಲೇ ಕೊಲೆಯಾದರು.

ದಮನಕ ಸಿಂಹಕ್ಕೂ ಎತ್ತಿಗೂ ಚಾಡಿ ಹೇಳುತ್ತಾನೆ, ಸಿಂಹ ಎತ್ತನ್ನು ಕೊಲ್ಲುತ್ತದೆ. ಸಂಸ್ಕೃತದ ಕತೆಯಲ್ಲಿ ದಮನಕನಿಗೆ ಶಿಕ್ಷೆಯೇ ಇಲ್ಲ. ಅರಬಿಯಲ್ಲಿ ಮಾತ್ರ ಒಂದು ಹೊಸ ಅಧ್ಯಾಯವಿದೆ, ದಿಮ್ನನ ವಿಚಾರಣೆ. ಇಬ್ನುಲ್ ಮುಖಫ್ಫರೇ ಸೇರಿಸಿದ್ದು ಎಂದು ವಿದ್ವಾಂಸರು ಹೇಳುತ್ತಾರೆ. ದಿಮ್ನ ಏನನ್ನೂ ಒಪ್ಪುವುದಿಲ್ಲ, ವಕೀಲನ ಹಾಗೆ ವಾದಿಸುತ್ತಾನೆ. ಅವನೂ ಕಲೀಲನೂ ಗುಟ್ಟಾಗಿ ಆಡಿದ ಮಾತನ್ನು ಚಿರತೆಯೊಂದು ಕೇಳಿತ್ತು. ಆದರೆ ಒಬ್ಬನ ಸಾಕ್ಷಿ ಸಾಲದು. ಸೆರೆಮನೆಯಲ್ಲಿ ಕೇಳಿಸಿಕೊಂಡ ಇನ್ನೊಂದು ಪ್ರಾಣಿಯೂ ಹೇಳಿದ ಮೇಲೆಯೇ ಮರಣದಂಡನೆ.

ಕತೆಯ ನರಿಗೆ ಬಾಯಿ ಇದೆ, ನಿಜವಾದ ಪ್ರಾಣಿಗೆ ಇಲ್ಲ. ಅದೇ ಪುಸ್ತಕದಲ್ಲಿ ಸಮುದ್ರ ಮೊಟ್ಟೆ ಕದ್ದ ಟಿಟ್ಟಿಭಗಳ ಕತೆಯೂ ಇದೆ, ಅರಬಿಯಲ್ಲೂ ಉಳಿದಿದೆ. ಆ ಹಕ್ಕಿಯನ್ನು ಅನಂತಪುರದ ಬೆಳುಗುಪ್ಪದಂಥ ನೆಲಗಡಲೆ ಸೀಮೆಯಲ್ಲಿ ನೋಡಬೇಕು. ಗೂಡು ಎಂದರೆ ಬರಿ ನೆಲದ ಮೇಲೆ ಒಂದು ತಗ್ಗು, ಮಣ್ಣಿನ ಹೆಂಟೆಗಳ ನಡುವೆ ಸಾಮಾನ್ಯವಾಗಿ 4 ಮೊಟ್ಟೆ. ಮಳೆಗೆ ಮುಂಚೆ ಉಳುವ ಹೊತ್ತಿಗೇ ಮರಿ ಮಾಡುವ ಕಾಲ. ಮನುಷ್ಯ ಹತ್ತಿರ ಬಂದರೆ ಕಿರುಚುತ್ತಾ ತಲೆಯ ಮೇಲೆ ಎರಗುತ್ತದೆ, ಕೆಲವೊಮ್ಮೆ ಬೇರೆಡೆ ಸೆಳೆಯಲು ನೋಡುತ್ತದೆ. ದನ ಬಂದರೆ ರೆಕ್ಕೆ ಬಿಚ್ಚಿ ಎದುರು ನಿಲ್ಲುತ್ತದೆ.

ಇದು ಬರೀ ಗಾಬರಿ, ಓಡಲೋ ನಿಲ್ಲಲೋ ತಿಳಿಯದ ಒದ್ದಾಟ ಎನ್ನುವವರು ಬಹಳ ಕಾಲ ಇದ್ದರು. 1980ರ ದಶಕದಲ್ಲಿ ಅಮೆರಿಕದ ಕ್ಯಾರೊಲಿನ್ ರಿಸ್ಟೊ ಕಡಲತೀರದಲ್ಲಿ ಟಿಟ್ಟಿಭದ ಕುಟುಂಬಕ್ಕೇ ಸೇರಿದ ಸಣ್ಣ ಹಕ್ಕಿಯೊಂದನ್ನು ಪರೀಕ್ಷಿಸಿದರು. ಅದು ರೆಕ್ಕೆ ಮುರಿದಂತೆ ನಟಿಸುವ ಹಕ್ಕಿ. ಹೆಚ್ಚಿನ ಸಲ ಅದು ಗೂಡಿನಿಂದ ದೂರವಾಗುವ ದಿಕ್ಕಿಗೇ ಹೋಯಿತು. ನಡುನಡುವೆ ತಿರುಗಿ ನೋಡಿತು. ಹಿಂದೆ ಬಾರದವನ ಬಳಿಗೆ ಮರಳಿ ಬಂದು ನಾಟಕ ಜೋರು ಮಾಡಿತು. ಗೂಡಿನ ಕಡೆ ಕಣ್ಣು ಹಾಯಿಸಿದವನಿಗೂ ಸುಮ್ಮನೆ ಹಾದುಹೋದವನಿಗೂ ವ್ಯತ್ಯಾಸ ಮಾಡಿತು.

ಚಿರತೆಯ ಜಾಗದಲ್ಲಿ ಇವು ಸಾಕ್ಷಿ. ಗಾಬರಿಯ ವಾದ ಇದರಿಂದ ಬಿತ್ತು ಎಂದೇ ನನಗೆ ಅನಿಸುತ್ತದೆ. ಆದರೆ ಎದುರಿನವನು ತಪ್ಪು ನಂಬಲಿ ಎಂದು ಹಕ್ಕಿ ಬಯಸಿತೇ, ಅಥವಾ ಅವನು ದೂರ ಹೋದರೆ ಸಾಕೆಂದಿತ್ತೇ? ಅದಕ್ಕೆ ಎರಡನೇ ಸಾಕ್ಷಿ ಇನ್ನೂ ಬಂದಿಲ್ಲ.