ಲೀಟರು, ಲೀಟ್ರು, ಲಿಟ್ಟರ್: ಮೆಟ್ರಿಕ್ ಅಳತೆಗಳ ಹೆಸರುಗಳು ಕನ್ನಡ–ತಮಿಳು ನಾಲಗೆಗಳಲ್ಲಿ

ಚೆನ್ನೈ ನಗರದ ಪಶ್ಚಿಮ ಭಾಗದಲ್ಲಿರುವ ಪೋರೂರು 2011ರಲ್ಲಿ ಮಹಾನಗರಪಾಲಿಕೆಯ ವ್ಯಾಪ್ತಿಗೆ ಸೇರಿದ ಪ್ರದೇಶ. ಅಲ್ಲಿನ ಕೆರೆಯನ್ನು ತಮಿಳರು ಏರಿ ಎನ್ನುತ್ತಾರೆ. ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆಯೇ ಹೊರತು ಕೆರೆಯಲ್ಲ. ನೀರಿನ ಬಗ್ಗೆ ಈ ಎರಡು ಭಾಷೆಗಳ ನಡುವೆ ಇಂಥ ತೊಡಕು ಹಳೆಯದು. ಚೆನ್ನೈಗೆ ನೀರೊದಗಿಸುವ ಜಲಾಶಯಗಳ ಸಂಗ್ರಹವನ್ನು ಇಂದಿಗೂ ದಶಲಕ್ಷ ಘನ ಅಡಿಗಳಲ್ಲಿಯೇ ಹೇಳಲಾಗುತ್ತದೆ. ಅದೇ ನೀರು ಲಾರಿಯೇರಿ ಮನೆಬಾಗಿಲಿಗೆ ಬಂದಾಗ ಅದರ ಲೆಕ್ಕ ಲೀಟರಿಗೆ ತಿರುಗುತ್ತದೆ. ಲಾರಿಯವರು ಅದನ್ನು ‘ಲಿಟ್ಟರ್’ ಎನ್ನುತ್ತಾರೆ, ಕರ್ನಾಟಕದಿಂದ ಬಂದು ನೆಲೆಸಿದ ಹಿರಿಯರು ‘ಲೀಟ್ರು’ ಎನ್ನುತ್ತಾರೆ. ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಮನೆಯ ಕನ್ನಡದಲ್ಲಿಯೂ ಲಿಟ್ಟರ್ ಎಂದರೆ ಅದು ತಪ್ಪು ಉಚ್ಚಾರವೆಂದು ತಿದ್ದುವುದುಂಟು. ಈ ತಿದ್ದುಪಡಿ ಎಷ್ಟರಮಟ್ಟಿಗೆ ಸಾಧು ಎಂಬುದೇ ನಮ್ಮ ವಿಚಾರದ ಮೂಲ.

ಮೆಟ್ರಿಕ್ ಪದ್ಧತಿಗೆ ಮುಂಚಿನ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ಸೇರು ಎಂಬ ಹೆಸರು ದೇಶದ ಬಹುಭಾಗದಲ್ಲಿ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಉಚ್ಚಾರಗೊಳ್ಳುತ್ತಿತ್ತು, ಆದರೆ ಅದರ ತೂಕ ಮಾತ್ರ ಊರೂರಿಗೆ ಬೇರೆ. ಬಂಗಾಳದ ಪ್ರಮಾಣದಲ್ಲಿ ಸೇರಿಗೆ 80 ತೊಲ, ಮದರಾಸಿನ ಪ್ರಮಾಣದಲ್ಲಿ 24 ತೊಲ. ಬಂಗಾಳದ ಮಣ ಸುಮಾರು 37 ಕಿಲೋಗ್ರಾಂ ತೂಗಿದರೆ ಮದರಾಸಿನ ಮಣ 11 ಕಿಲೋಗ್ರಾಮಿನ ಆಸುಪಾಸಿನದು. ಇದರ ಮೇಲೆ ತಮಿಳುನಾಡಿನ ಪಡಿ, ಮರಕ್ಕಾಲ್, ಕನ್ನಡನಾಡಿನ ಕೊಳಗ, ಬಳ್ಳ, ಸೊಲಿಗೆಗಳೆಂಬ ಧಾನ್ಯದ ಅಳತೆಗಳು ಬೇರೆ. ಒಂದೇ ಹೆಸರನ್ನು ನಂಬಿ ಗಡಿ ದಾಟಿದ ವ್ಯಾಪಾರಿ ಮೋಸಹೋಗುವ ಸಂಭವ ಹೆಚ್ಚಾಗಿತ್ತು. 1956ರ ತೂಕ ಮತ್ತು ಅಳತೆಗಳ ಪ್ರಮಾಣ ಕಾಯಿದೆ ಈ ಗೊಂದಲವನ್ನು ಕೊನೆಗಾಣಿಸಲು ಹೊರಟಿತು. 1958ರ ಅಕ್ಟೋಬರಿನಿಂದ ಆಯ್ದ ಪ್ರದೇಶಗಳಲ್ಲಿ ಹೊಸ ತೂಕಗಳು ಬಳಕೆಗೆ ಬಂದವು, 1962ರ ಏಪ್ರಿಲಿನಿಂದ ಕಡ್ಡಾಯವಾದವು. ಇದಾದ ಮೇಲೆ ತೂಕ ಒಂದಾಯಿತು, ಹೆಸರಿನ ಉಚ್ಚಾರ ಹಲವಾಯಿತು.

ನಾಣ್ಯದ ವಿಷಯದಲ್ಲಿ 1957ರಲ್ಲಿ ಪೈಸೆ ಎಂಬ ದೇಶೀ ಹೆಸರನ್ನೇ ಉಳಿಸಿಕೊಂಡ ಸರ್ಕಾರ, ಅಳತೆಗಳಿಗೆ ಮಾತ್ರ ಅಂತರರಾಷ್ಟ್ರೀಯ ಹೆಸರುಗಳನ್ನು ಹಾಗೆಯೇ ಸ್ವೀಕರಿಸಿತು. 1795ರ ಫ್ರೆಂಚ್ ಶಾಸನದಲ್ಲಿ ನೆಲೆಗೊಂಡ ಈ ಹೆಸರುಗಳು ಗ್ರೀಕ್ ಮತ್ತು ಲ್ಯಾಟಿನ್ ಧಾತುಗಳಿಂದ ಕಟ್ಟಿದವು. ನಮಗೆ ಅವು ಇಂಗ್ಲಿಷಿನ ಮೂಲಕ ಬಂದವು. ಇಂಗ್ಲಿಷರಲ್ಲಿ ಕಿಲೋಮೀಟರ್ ಪದದ ಮೊದಲ ಅಕ್ಷರಕ್ಕೆ ಒತ್ತು ಕೊಡಬೇಕೋ, ಥರ್ಮಾಮೀಟರಿನಂತೆ ಎರಡನೆಯದಕ್ಕೋ ಎಂಬ ಚರ್ಚೆ ಇದೆ. ಪದದ ಒತ್ತಿನಿಂದ ಅರ್ಥ ಬೇರ್ಪಡದ ಕನ್ನಡಕ್ಕಾಗಲಿ ತಮಿಳಿಗಾಗಲಿ ಆ ಚರ್ಚೆ ದಾಟಿ ಬರಲಿಲ್ಲ. ಇಲ್ಲಿ ಭೇದ ಹುಟ್ಟಿದ್ದು ಸ್ವರದ ದೀರ್ಘತೆಯಲ್ಲಿ, ದ್ವಿತ್ವದಲ್ಲಿ, ಪದಾಂತ್ಯದಲ್ಲಿ.

ಕನ್ನಡವು ವ್ಯಂಜನಾಂತ ಪದಗಳಿಗೆ ಉಕಾರವನ್ನು ಸೇರಿಸಿಕೊಳ್ಳುತ್ತದೆ. ಹಾಗೆ ಲೀಟರ್ ಲೀಟರು ಆಯಿತು, ಬಳಿಕ ನಡುವಣ ಅಕಾರ ಆಡುಮಾತಿನಲ್ಲಿ ಸವೆದು ಲೀಟ್ರು ಆಯಿತು. ಮೀಟ್ರು, ಕಿಲೋಮೀಟ್ರುಗಳದೂ ಇದೇ ದಾರಿ. ತಮಿಳಿನ ದಾರಿ ಬೇರೆ. ಆ ಲಿಪಿಯಲ್ಲಿ ಟಕಾರ ಡಕಾರಗಳಿಗೆ ಒಂದೇ ಅಕ್ಷರವಿದ್ದು, ಸ್ವರಗಳ ನಡುವೆ ಅದು ಒಂಟಿಯಾಗಿ ಬಂದರೆ ಡಕಾರವಾಗಿ ಕೇಳುತ್ತದೆ. ಟಕಾರವನ್ನು ಉಳಿಸಿಕೊಳ್ಳಬೇಕಾದರೆ ದ್ವಿತ್ವವೇ ಗತಿ. ಆದ್ದರಿಂದ ಲಿಟ್ಟರ್, ಮೀಟ್ಟರ್. ಇದು ನಾಲಗೆಯ ದೋಷವಲ್ಲ, ಆ ಭಾಷೆಯ ಧ್ವನಿನಿಯಮದ ನಿಷ್ಠುರ ಪಾಲನೆ.

ಆದರೆ ದ್ವಿತ್ವದ ಹಿಂದೆ ದೀರ್ಘಸ್ವರ ನಿಲ್ಲಬಾರದೆಂಬ ನಿಯಮ ತಮಿಳಿನಲ್ಲಿಲ್ಲ. ಪಾಟ್ಟು, ವೀಟ್ಟಿಲ್ ಮೊದಲಾದ ರೂಪಗಳೇ ಸಾಕ್ಷಿ. ಹಾಗಿದ್ದೂ ಮೀಟ್ಟರಿನಲ್ಲಿ ಉಳಿದ ದೀರ್ಘ ಲಿಟ್ಟರಿನಲ್ಲಿ ಏಕಿಲ್ಲ? ಮೀಟರ್ ಎಂಬುದು ವಿದ್ಯುತ್ತಿನ ಹಾಗೂ ಬಾಡಿಗೆ ವಾಹನದ ಉಪಕರಣದ ಹೆಸರಾಗಿಯೂ ಕಿವಿಯಿಂದ ಕಿವಿಗೆ ಬಂದ ಪದ, ಲೀಟರ್ ಬರಹದಿಂದ ಕಣ್ಣಿನ ಮೂಲಕ ಬಂದ ಪದ ಎಂದು ನಾವು ಊಹಿಸುತ್ತೇವೆ. ಉಪಕರಣದ ಆ ಹೆಸರು ಜನರ ಮಾತಿನಲ್ಲಿ ಎಷ್ಟು ಬೇರುಬಿಟ್ಟಿದೆಯೆಂದರೆ, ಏರುತ್ತಲೇ ಹೋಗುವ ಸಾಲದ ಬಡ್ಡಿಗೆ ಕನ್ನಡಿಗರು ಮೀಟರ್ ಬಡ್ಡಿ ಎನ್ನುತ್ತಾರೆ, ತಮಿಳರು ಮೀಟ್ಟರ್ ವಟ್ಟಿ ಎನ್ನುತ್ತಾರೆ.

ಗ್ರಾಮಿನ ಕಥೆ ಇನ್ನೂ ಸ್ವಾರಸ್ಯವಾದುದು. ತಮಿಳು ಪದಾದಿಯ ಸಂಯುಕ್ತಾಕ್ಷರವನ್ನು ಬಿಡಿಸಿ ಕಿರಾಮ್ ಎಂದು ಬರೆಯುತ್ತದೆ, ಓದುವಾಗ ಗಿರಾಮ್ ಎಂದು ಕೇಳುವುದೂ ಉಂಟು. ಕನ್ನಡಕ್ಕೆ ಸಂಯುಕ್ತಾಕ್ಷರದ ತೊಂದರೆಯಿಲ್ಲ. ಅದರ ತೊಂದರೆ ಹಳ್ಳಿ ಎಂಬರ್ಥದ ಗ್ರಾಮದೊಡನೆ. ಗ್ರಾಂ, ಗ್ರಾಮು ಎಂಬ ರೂಪಗಳು ಆ ಘರ್ಷಣೆಯನ್ನು ತಪ್ಪಿಸುತ್ತವೆ. ಅಂಗಡಿಯ ಮಾತಿನಲ್ಲಿ ಕರ್ನಾಟಕದವರು ಹೆಚ್ಚಾಗಿ ಕೆ.ಜಿ. ಎಂದು ಅಕ್ಷರಗಳನ್ನೇ ಹೇಳಿದರೆ ತಮಿಳರು ಹೆಚ್ಚಾಗಿ ಕಿಲೋ ಎಂದು ಪೂರ್ವಪದವನ್ನು ಹೇಳುತ್ತಾರೆ. ಪೋರೂರಿನ ತರಕಾರಿ ಅಂಗಡಿಯಲ್ಲಿ ‘ಕಾಲ್ ಕಿಲೋ’ ಎಂಬುದೂ ಮೈಸೂರಿನ ಅಂಗಡಿಯಲ್ಲಿ ‘ಕಾಲು ಕೆ.ಜಿ.’ ಎಂಬುದೂ 250 ಗ್ರಾಮೇ. ದಶಮಾಂಶ ಪದ್ಧತಿ ಬಂದರೂ ಕಾಲು, ಅರೆ, ಮುಕ್ಕಾಲು ಎಂಬ ದ್ರಾವಿಡ ಭಿನ್ನಪದಗಳು ಎರಡೂ ಕಡೆ ಅಲುಗಲಿಲ್ಲ. ಹೂವಂತೂ ಮೆಟ್ರಿಕ್ಕಿಗೆ ಸಿಕ್ಕಿಯೇ ಇಲ್ಲ: ಅಲ್ಲಿ ಮುೞಂ, ಇಲ್ಲಿ ಮೊಳ.

ಭೂಮಿಯ ಅಳತೆಯಲ್ಲಿ ಉಚ್ಚಾರ ಕೇವಲ ಕುತೂಹಲದ ವಿಷಯವಾಗಿ ಉಳಿಯುವುದಿಲ್ಲ. ತಮಿಳಿನಲ್ಲಿ ಹಕಾರ ಗ್ರಂಥಲಿಪಿಯಿಂದ ಬಂದ ಎರವಲು, ಹಾಗಾಗಿ ಹೆಕ್ಟೇರ್ ಎಂಬುದರ ಜೊತೆಗೆ ಎಕ್ಟೇರ್ ಎಂಬ ಬರಹವೂ ಇದೆ. ಕನ್ನಡದಲ್ಲಿ ಹಕಾರ ಪಕಾರದಿಂದಲೇ ಬೆಳೆದದ್ದು. ಪೋರೂರಿನ ಮೊದಲ ಭಾಗದಂತೆ ಕೇಳುವ ತಮಿಳಿನ ‘ಪೋರ್’ ಪದಕ್ಕೆ ಕನ್ನಡದ ‘ಹೋರು’ ಜ್ಞಾತಿಪದ. ಆದರೆ ದಕ್ಷಿಣ ಕರ್ನಾಟಕದ ಗ್ರಾಮೀಣರ ಮಾತಿನಲ್ಲಿ ಆ ಹಕಾರವೂ ಬಿದ್ದು, ಹಾಲು ಆಲಾದಂತೆ ಹೆಕ್ಟೇರು ಎಕ್ಟೇರು ಆಗುತ್ತದೆ. ಬೇರೆ ಬೇರೆ ಕಾರಣಗಳಿಂದ ಎರಡು ಭಾಷೆಗಳೂ ಒಂದೇ ರೂಪಕ್ಕೆ ಬಂದು ಮುಟ್ಟಿವೆ. ಆ ರೂಪ ಎಕರೆಗೆ ತೀರ ಸಮೀಪದ್ದು. ಒಂದು ಹೆಕ್ಟೇರು ಎಂದರೆ ಸುಮಾರು ಎರಡೂವರೆ ಎಕರೆ. ಹೇಳಿಕೆಯನ್ನು ಕೇಳಿ ಬರೆದುಕೊಳ್ಳುವವನ ಕಿವಿ ಒಂದಿಷ್ಟು ತಪ್ಪಿದರೆ ಒಂದೂವರೆ ಎಕರೆ ನೆಲ ಕಾಗದದ ಮೇಲೆ ಇಲ್ಲವಾಗುತ್ತದೆ.

ಹೊರನಾಡಿನ ಕನ್ನಡವನ್ನು ದಾಖಲಿಸುವ ಸಂಶೋಧಕರು ಲಿಟ್ಟರಿನಂಥ ರೂಪಗಳನ್ನು ಶಿಷ್ಟ ಬರಹಕ್ಕೆ ತಿದ್ದಿ ಬರೆದುಕೊಳ್ಳುವ ರೂಢಿಯನ್ನು ನಾವು ಒಪ್ಪುವುದಿಲ್ಲ. ಪೋರೂರಿನ ಮಗು ತಂದೆಯ ಲೀಟ್ರನ್ನೂ ಬೀದಿಯ ಲಿಟ್ಟರನ್ನೂ ಕೇಳಿ ಬೆಳೆದಿದೆ. ‘ಅರ್ಧ ಲಿಟ್ಟರು ಹಾಲು’ ಎಂದು ಅದು ಹೇಳಿದಾಗ ದ್ವಿತ್ವ ತಮಿಳಿನದು, ಕೊನೆಯ ಉಕಾರ ಕನ್ನಡದ್ದು. ತಿದ್ದುವ ಹಿರಿಯರು ದ್ವಿತ್ವವನ್ನಷ್ಟೇ ಕೇಳುತ್ತಾರೆ, ಉಕಾರವನ್ನು ಗಮನಿಸುವುದಿಲ್ಲ.