ವರ್ತಕರ ಬಿಲ್ಲೆಗಳು: ಕೊಳ್ಳುವ ವಿವೇಕ ಮತ್ತು ಚರಿತ್ರೆಯ ಸಾಕ್ಷ್ಯ

ಕನ್ನಡದಲ್ಲಿ ‘ಬಿಲ್ಲೆ’ ಎಂಬ ಪದಕ್ಕೆ ಹಲವು ಅರ್ಥಗಳಿವೆ. ಮಕ್ಕಳು ಕುಂಟೆಬಿಲ್ಲೆಯಾಟದಲ್ಲಿ ಎಸೆಯುವ ಚಪ್ಪಟೆ ಚೂರೂ ಬಿಲ್ಲೆಯೇ. ಕಚೇರಿಯ ಜವಾನನ ಎದೆಪಟ್ಟಿಯ ಮೇಲಿನ ಹಿತ್ತಾಳೆಯ ತಗಡೂ ಬಿಲ್ಲೆಯೇ. ಮೊದಲನೆಯದಕ್ಕೆ ಆಟದ ಹೊರಗೆ ಬೆಲೆಯಿಲ್ಲ, ಎರಡನೆಯದಕ್ಕೆ ಕಚೇರಿಯ ಹೊರಗೆ ಅಧಿಕಾರವಿಲ್ಲ. ವರ್ತಕರು ಹೊರಡಿಸಿದ ಟೋಕನ್‌ಗಳು ಇದೇ ಜಾತಿಗೆ ಸೇರಿದವು. ನಾಣ್ಯದ ಹಿಂದೆ ರಾಜಾಜ್ಞೆ ಇರುತ್ತದೆ. ವರ್ತಕನ ಬಿಲ್ಲೆಯ ಹಿಂದೆ ಇರುವುದು ‘ಇದನ್ನು ತಂದುಕೊಟ್ಟವರಿಗೆ ಇಷ್ಟು ಹಣ ಕೊಡುತ್ತೇನೆ’ ಎಂಬ ಅವನ ಮಾತು ಮಾತ್ರ. ಆ ಮಾತನ್ನು ನಂಬುವ ಬೀದಿ, ಪೇಟೆ ಅಥವಾ ಊರು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಅದರ ಚಲಾವಣೆ.

ಇಂತಹ ಬಿಲ್ಲೆಗಳನ್ನು ಕೊಳ್ಳುವುದು, ಸಂಗ್ರಹಿಸುವುದು ಇಂದು ವ್ಯಾಪಕವಾದ ಹವ್ಯಾಸವಾಗಿದೆ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಬೆಲೆಯ ಪ್ರಶ್ನೆಯೆಂದೇ ಭಾವಿಸಲಾಗುತ್ತದೆ. ಆದರೆ ಪ್ರತಿಯೊಂದು ಹಳೆಯ ಬಿಲ್ಲೆಗೂ ಎರಡು ಚರಿತ್ರೆಗಳಿರುತ್ತವೆ. ಜನರ ಕೈಯಲ್ಲಿ ಓಡಾಡಿದ ಬಳಕೆಯ ಚರಿತ್ರೆ ಒಂದು. ಸಂಗ್ರಾಹಕರ ಆಸೆಯಿಂದ ಹುಟ್ಟಿದ ಮಾರುಕಟ್ಟೆಯ ಚರಿತ್ರೆ ಇನ್ನೊಂದು. ಇವೆರಡನ್ನು ಬೇರ್ಪಡಿಸಿ ನೋಡುವುದೇ ಕೊಳ್ಳುವವನ ವಿವೇಕ. ಈ ಅಂಶವನ್ನು ದಾಖಲೆಗಳು ಹೇರಳವಾಗಿರುವ ಇಂಗ್ಲೆಂಡಿನ ನಿದರ್ಶನದಿಂದ ಪರಿಶೀಲಿಸಿ, ಅನಂತರ ಅದರ ಬೆಳಕಿನಲ್ಲಿ ಕನ್ನಡನಾಡಿನ ಪೇಟೆಗಳಲ್ಲಿ ಕಾಣುವ ಬಿಲ್ಲೆಗಳನ್ನು ಗಮನಿಸುವುದು ಈ ಲೇಖನದ ಉದ್ದೇಶ.

1. ಚಿಲ್ಲರೆಯ ಅಭಾವ

ವರ್ತಕರ ಬಿಲ್ಲೆ ಹುಟ್ಟುವುದು ಚಿಲ್ಲರೆಯ ಅಭಾವದಿಂದ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಜ್ಯದ ಟಂಕಸಾಲೆಯು ಬೆಳ್ಳಿಬಂಗಾರದ ನಾಣ್ಯಗಳಿಗೆ ಗಮನ ಕೊಟ್ಟಿತೇ ಹೊರತು ಬಡವರ ದಿನನಿತ್ಯದ ಕೊಳ್ಳುಕೊಡುವಿಕೆಗೆ ಬೇಕಾದ ಸಣ್ಣ ಕಾಸುಗಳಿಗಲ್ಲ. 1613ರಲ್ಲಿ ಮೊದಲನೆಯ ಜೇಮ್ಸ್ ದೊರೆಯು ತಾಮ್ರದ ಫಾರ್ದಿಂಗುಗಳನ್ನು ಅಚ್ಚುಹಾಕುವ ಪರವಾನಗಿಯನ್ನು ಖಾಸಗಿಯವರಿಗೆ ನೀಡಿದನು. ಅಂತರ್ಯುದ್ಧದ ಕಾಲದಲ್ಲಿ ಈ ವ್ಯವಸ್ಥೆ ಕುಸಿಯಿತು. 1648ರಿಂದ 1672ರವರೆಗೆ ದಿನಸಿ ಅಂಗಡಿಯವರು, ಹೆಂಡದಂಗಡಿಯವರು, ರೊಟ್ಟಿ ಸುಡುವವರು, ಮೇಣದಬತ್ತಿ ಮಾರುವವರು ತಮ್ಮ ತಮ್ಮ ಹೆಸರಿನಲ್ಲಿ ತಾಮ್ರ, ಹಿತ್ತಾಳೆಗಳ ಸಾವಿರಾರು ಬಗೆಯ ಬಿಲ್ಲೆಗಳನ್ನು ಹೊರಡಿಸಿದರು. 1672ರಲ್ಲಿ ಎರಡನೆಯ ಚಾರ್ಲ್ಸ್ ಸರ್ಕಾರವೇ ತಾಮ್ರದ ಅರ್ಧಪೆನ್ನಿ ಮತ್ತು ಫಾರ್ದಿಂಗುಗಳನ್ನು ಹೊರತಂದು ಖಾಸಗಿ ಬಿಲ್ಲೆಗಳನ್ನು ನಿಷೇಧಿಸಿತು.

ಈ ಬಿಲ್ಲೆಗಳ ಮೇಲೆ ಹೊರಡಿಸಿದವನ ಹೆಸರು, ಊರು, ಕಸುಬಿನ ಲಾಂಛನ ಅಥವಾ ಅಂಗಡಿಯ ಗುರುತು ಇರುತ್ತದೆ. ಅನೇಕವುಗಳಲ್ಲಿ ಮೂರು ಅಕ್ಷರಗಳು ತ್ರಿಕೋನಾಕಾರದಲ್ಲಿ ಜೋಡಣೆಗೊಂಡಿರುವುದನ್ನು ಕಾಣಬಹುದು. ಮೇಲಿನ ಅಕ್ಷರ ಮನೆತನದ್ದು, ಕೆಳಗಿನ ಎರಡು ಅಕ್ಷರಗಳು ಗಂಡ ಮತ್ತು ಹೆಂಡತಿಯರ ಹೆಸರಿನವು. ಅಂಗಡಿ ದಂಪತಿಗಳ ಕೂಡು ವ್ಯವಹಾರವಾಗಿತ್ತು ಎಂಬುದಕ್ಕೆ ಇದಕ್ಕಿಂತ ಸರಳವಾದ ಪುರಾವೆ ಬೇಡ. ರಾಜರ ನಾಣ್ಯಗಳಲ್ಲಿ ಜಾಗವೇ ಇಲ್ಲದ ಸಾಮಾನ್ಯ ಗೃಹಿಣಿ ಈ ಅಗ್ಗದ ತಾಮ್ರದ ಮೇಲೆ ತನ್ನ ಹೆಸರಿನ ಅಕ್ಷರವನ್ನು ಉಳಿಸಿಹೋಗಿದ್ದಾಳೆ. 1858ರಲ್ಲಿ ವಿಲಿಯಂ ಬಾಯ್ನ್ ಸಿದ್ಧಪಡಿಸಿದ ಇವುಗಳ ಸೂಚಿಯನ್ನು ವಿಲಿಯಂಸನ್ 1889-91ರಲ್ಲಿ ಪರಿಷ್ಕರಿಸಿದನು. ಆ ಸೂಚಿ ಜನಸಾಮಾನ್ಯರ ಹೆಸರುಪಟ್ಟಿಯಂತೆಯೂ ಉಪಯುಕ್ತವಾಗಿದೆ.

2. ಭರವಸೆಯ ಅಂಚು

ಬಿಲ್ಲೆಗಳ ಎರಡನೆಯ ಅಲೆ 1787ರಲ್ಲಿ ಎದ್ದಿತು. ಕೈಗಾರಿಕೆಗಳು ಬೆಳೆದು ಕೂಲಿ ಬಟವಾಡೆಗೆ ಚಿಲ್ಲರೆ ಸಾಲದಾಯಿತು. ಚಲಾವಣೆಯಲ್ಲಿದ್ದ ತಾಮ್ರದ ಕಾಸುಗಳಲ್ಲಿ ಬಹುಪಾಲು ಖೋಟಾ ಆಗಿದ್ದವು. ವೇಲ್ಸ್‌ನ ಆಂಗ್ಲೆಸಿ ದ್ವೀಪದ ಪ್ಯಾರಿಸ್ ಗಣಿ ಕಂಪನಿಯು ಆ ವರ್ಷ ಓಕ್ ಎಲೆಗಳ ಮಾಲೆಯ ನಡುವೆ ಡ್ರೂಯಿಡ್ ಪುರೋಹಿತನ ತಲೆಯಿರುವ ಪೆನ್ನಿ ಬಿಲ್ಲೆಯನ್ನು ಹೊರಡಿಸಿತು. ತಂದವರಿಗೆ ಒಂದು ಪೆನ್ನಿ ಕೊಡುವ ವಾಗ್ದಾನ ಅದರ ಮುಖದ ಮೇಲಿತ್ತು. ಹಣ ಸಿಗುವ ಸ್ಥಳಗಳಾದ ಲಂಡನ್, ಲಿವರ್‌ಪೂಲ್, ಆಂಗ್ಲೆಸಿಗಳ ಹೆಸರು ಅಂಚಿನ ಮೇಲಿತ್ತು. ಕೂಡಲೇ ಅನೇಕ ವರ್ತಕರು ಈ ಮಾದರಿಯನ್ನು ಅನುಸರಿಸಿದರು.

1792ರಿಂದ ಕಾವೆಂಟ್ರಿ ನಗರದಲ್ಲಿ ಬಂದ ಅರ್ಧಪೆನ್ನಿ ಬಿಲ್ಲೆಯು ಜಾನಪದ ಅಧ್ಯಯನದ ದೃಷ್ಟಿಯಿಂದ ವಿಶೇಷವಾದುದು. ಅದರ ಒಂದು ಮುಖದಲ್ಲಿ ಗೊಡೈವಾ ಬೆತ್ತಲೆಯಾಗಿ ಕುದುರೆಯೇರಿ ಸಾಗುತ್ತಿದ್ದಾಳೆ. ಇನ್ನೊಂದು ಮುಖದಲ್ಲಿ ನಗರದ ಲಾಂಛನವಾದ ಆನೆ ಮತ್ತು ಕೋಟೆಗಳಿವೆ. ಜನರ ತೆರಿಗೆ ಇಳಿಸಲೆಂದು ಆಕೆ ಹೀಗೆ ಸವಾರಿ ಮಾಡಿದಳೆಂಬುದು ಐತಿಹ್ಯ. ಗೊಡೈವಾ ಬದುಕಿದ್ದುದು ಹನ್ನೊಂದನೆಯ ಶತಮಾನದಲ್ಲಿ. ಸವಾರಿಯ ಕಥೆ ಬರಹದಲ್ಲಿ ಕಾಣಿಸಿಕೊಂಡದ್ದು ಹದಿಮೂರನೆಯ ಶತಮಾನದಲ್ಲಿ. ಆದ್ದರಿಂದ ಈ ಬಿಲ್ಲೆ ಸವಾರಿ ನಡೆಯಿತೆಂಬುದಕ್ಕೆ ಸಾಕ್ಷಿಯಲ್ಲ. 1792ರ ವರ್ತಕನೊಬ್ಬ ತನ್ನ ಮಾತನ್ನು ಜನ ನಂಬಲಿ ಎಂದು ಊರಿನ ಪ್ರೀತಿಯ ಕಥೆಯನ್ನೇ ಜಾಮೀನಾಗಿ ಬಳಸಿಕೊಂಡನೆಂಬುದಕ್ಕೆ ಮಾತ್ರ ಸಾಕ್ಷಿ. ಬಿಲ್ಲೆಯು ಹೇಳುವ ಕಥೆ ಬೇರೆ, ಅದು ಸಾಬೀತುಪಡಿಸುವ ಸಂಗತಿ ಬೇರೆ ಎಂಬ ಈ ಭೇದ ಮುಂದಿನ ಚರ್ಚೆಗೆ ಮುಖ್ಯವಾದುದು.

3. ಸಂಗ್ರಾಹಕನ ಪ್ರವೇಶ

ಈ ಬಿಲ್ಲೆಗಳು ಚಲಾವಣೆಯಲ್ಲಿರುವಾಗಲೇ ಅವುಗಳನ್ನು ಕೂಡಿಡುವ ಗೀಳು ಇಂಗ್ಲೆಂಡಿನಲ್ಲಿ ಹಬ್ಬಿತು. ಬೇಡಿಕೆ ಹೆಚ್ಚಿದಂತೆ ತಯಾರಕರು ಸಂಗ್ರಾಹಕರಿಗಾಗಿಯೇ ಬಿಲ್ಲೆ ಒತ್ತತೊಡಗಿದರು. ಒಂದು ಬಿಲ್ಲೆಯ ಮುಮ್ಮುಖದ ಅಚ್ಚನ್ನು ಮತ್ತೊಂದರ ಹಿಮ್ಮುಖದ ಅಚ್ಚಿನೊಡನೆ ಕೂಡಿಸಿದರೆ, ಯಾವ ಅಂಗಡಿಯಲ್ಲೂ ಎಂದೂ ಸಲ್ಲದ ಹೊಸ ‘ಅಪರೂಪದ’ ಬಿಲ್ಲೆ ಸಿದ್ಧವಾಗುತ್ತಿತ್ತು. ಭೂಮಿಯ ಸಮಾನ ಒಡೆತನವನ್ನು ಪ್ರತಿಪಾದಿಸಿದ ಲಂಡನ್ನಿನ ಪುಸ್ತಕ ವ್ಯಾಪಾರಿ ಥಾಮಸ್ ಸ್ಪೆನ್ಸ್ ತನ್ನ ರಾಜಕೀಯ ವಿಚಾರಗಳನ್ನು ಬಿಲ್ಲೆಗಳ ಮೇಲೆ ಒತ್ತಿಸಿ ಹಂಚಿದ್ದನು. ಅವನ ಅಚ್ಚುಗಳು ಮುಂದೆ ಪೀಟರ್ ಸ್ಕಿಡ್ಮೋರ್ ಎಂಬ ವ್ಯಾಪಾರಿಯ ಕೈಸೇರಿ, ಬಗೆಬಗೆಯ ಕೂಡಿಕೆಗಳಲ್ಲಿ ಮತ್ತೆ ಮತ್ತೆ ಬಳಕೆಯಾದವು. ಪ್ರತಿಭಟನೆಯ ಸಾಧನವಾಗಿದ್ದ ವಸ್ತು ಹೀಗೆ ಕಪಾಟಿನ ವಸ್ತುವಾಯಿತು.

1797ರಲ್ಲಿ ಮ್ಯಾಥ್ಯೂ ಬೋಲ್ಟನ್ ತನ್ನ ಸೋಹೋ ಟಂಕಸಾಲೆಯಲ್ಲಿ ಸರ್ಕಾರಕ್ಕಾಗಿ ಭಾರವಾದ ತಾಮ್ರದ ಪೆನ್ನಿಗಳನ್ನು ಉಗಿಯಂತ್ರದಿಂದ ಒತ್ತಿಕೊಟ್ಟ ಮೇಲೆ ಖಾಸಗಿ ಬಿಲ್ಲೆಗಳ ಅಗತ್ಯ ತಗ್ಗಿತು. ಮರುವರ್ಷವೇ ಇಪ್ಸ್‌ವಿಚ್‌ನ ಬಟ್ಟೆ ವ್ಯಾಪಾರಿ ಜೇಮ್ಸ್ ಕಾಂಡರ್ ಅವುಗಳ ಸೂಚಿಯನ್ನು ಪ್ರಕಟಿಸಿದನು. ಸಂಗ್ರಾಹಕರು ಈ ವರ್ಗವನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. 1910ರಿಂದ 1918ರ ಅವಧಿಯಲ್ಲಿ ಡಾಲ್ಟನ್ ಮತ್ತು ಹ್ಯಾಮರ್ ಪ್ರಕಟಿಸಿದ ಗ್ರಂಥ ಇಂದಿಗೂ ಪ್ರಮುಖ ಆಕರವಾಗಿದೆ. ಆದರೆ ಸೂಚಿಯಲ್ಲಿ ಒಂದು ಬಿಲ್ಲೆಗೆ ಸಂಖ್ಯೆ ದೊರೆತಿದೆ ಎಂದ ಮಾತ್ರಕ್ಕೆ ಅದು ಪೇಟೆಯಲ್ಲಿ ನಡೆದಿತ್ತು ಎಂದು ತೀರ್ಮಾನಿಸುವಂತಿಲ್ಲ. ಚಲಾವಣೆಯ ಬಿಲ್ಲೆ, ಅದರ ಹಗುರವಾದ ನಕಲು, ಸಂಗ್ರಾಹಕರಿಗೆಂದೇ ಒತ್ತಿದ್ದು ಈ ಮೂರೂ ಅಲ್ಲಿ ಸೇರಿವೆ. ಈ ಮೂರಕ್ಕೂ ಇಂದು ಇನ್ನೂರಕ್ಕೂ ಹೆಚ್ಚು ವರ್ಷಗಳ ವಯಸ್ಸು. ಹಳತು ಎಂಬುದೊಂದೇ ಗುಣ ಬಿಲ್ಲೆಯನ್ನು ಪ್ರಮಾಣವಾಗಿಸುವುದಿಲ್ಲ.

4. ಕನ್ನಡನಾಡಿನ ಪೇಟೆಯಲ್ಲಿ

ಆಸೆಯೇ ವಸ್ತುವನ್ನು ಹುಟ್ಟಿಸುವ ಈ ಪ್ರಕ್ರಿಯೆ ಇಂಗ್ಲೆಂಡಿಗೆ ಸೀಮಿತವಾದುದಲ್ಲ. ಕರ್ನಾಟಕದ ಅನೇಕ ಮನೆಗಳ ದೇವರ ಪೆಟ್ಟಿಗೆಯಲ್ಲಿ ರಾಮಟಂಕಗಳಿವೆ. ಒಂದು ಮುಖದಲ್ಲಿ ಶ್ರೀರಾಮ ಪಟ್ಟಾಭಿಷೇಕದ ಚಿತ್ರವಿರುವ ಇವು ವರ್ತಕರ ಬಿಲ್ಲೆಗಳಲ್ಲ, ಪೂಜೆಯ ಮತ್ತು ಕ್ಷೇತ್ರದರ್ಶನದ ನೆನಪಿನ ಬಿಲ್ಲೆಗಳು. ಬ್ರಾಟ್‌ಮನ್ 1970ರಲ್ಲಿಯೂ ಮಿಚಿನರ್ 1998ರಲ್ಲಿಯೂ ಪ್ರಕಟಿಸಿದ ಗ್ರಂಥಗಳು ಇವುಗಳನ್ನು ನಾಣ್ಯಗಳಿಂದ ಬೇರೆಯಾದ ವರ್ಗವಾಗಿಯೇ ಪರಿಗಣಿಸಿವೆ. ಪೂಜೆಯ ವಸ್ತುವಾಗಿ ಇವುಗಳಿಗೆ ತಮ್ಮದೇ ಗೌರವವಿದೆ. ತೊಂದರೆ ಆರಂಭವಾಗುವುದು ಇವುಗಳನ್ನು ಪ್ರಾಚೀನ ರಾಜನಾಣ್ಯಗಳೆಂದು ಮಾರುವಾಗ.

ಇದಕ್ಕಿಂತ ಗಂಭೀರವಾದುದು ಈಸ್ಟ್ ಇಂಡಿಯಾ ಕಂಪನಿಯ ಹೆಸರು ಹೊತ್ತ ಬಿಲ್ಲೆಗಳ ಸಂಗತಿ. ಒಂದು ಮುಖದಲ್ಲಿ ಹನುಮಂತ ಅಥವಾ ರಾಮಪರಿವಾರ, ಇನ್ನೊಂದು ಮುಖದಲ್ಲಿ ಕಂಪನಿಯ ಹೆಸರು, ‘ಯು.ಕೆ.ಎಲ್. ಒಂದಾಣೆ’ ಎಂಬ ಬರಹ, 1616, 1717, 1818ರಂತಹ ಇಸವಿಗಳು ಇವುಗಳ ಲಕ್ಷಣ. ಇವು ಕಂಪನಿಯ ನಾಣ್ಯಗಳಲ್ಲವೆಂಬುದಕ್ಕೆ ಬಿಲ್ಲೆಯ ಬರಹವೇ ಸಾಕು. 1616ರಲ್ಲಿ ಕಂಪನಿಗೆ ಭಾರತದಲ್ಲಿ ಟಂಕಸಾಲೆ ಇರಲಿಲ್ಲ. ಮದರಾಸಿನಲ್ಲಿ ಅದಕ್ಕೆ ನೆಲೆ ದೊರೆತದ್ದೇ 1639ರಲ್ಲಿ. ‘ಯು.ಕೆ.’ ಎಂಬುದಕ್ಕೆ ಮೂಲವಾದ ಸಂಯುಕ್ತ ರಾಜ್ಯ 1801ರಲ್ಲಿ ರೂಪುಗೊಂಡಿತು. ಒಂದಾಣೆಯ ನಾಣ್ಯ ಚಲಾವಣೆಗೆ ಬಂದದ್ದು 1907ರಲ್ಲಿ, ಅದೂ ತಾಮ್ರ-ನಿಕ್ಕಲ್ ಮಿಶ್ರಲೋಹದಲ್ಲಿ. ಅಷ್ಟು ಹೊತ್ತಿಗೆ ಕಂಪನಿಯ ಆಳ್ವಿಕೆ ಮುಗಿದು ಅರ್ಧ ಶತಮಾನವೇ ಕಳೆದಿತ್ತು.

ಆದರೂ ಈ ಸುಳ್ಳು ನಂಬಿಕೆಗೆ ಪಾತ್ರವಾಗಲು ಕಾರಣವಿದೆ. ಕಂಪನಿಯು ಮದರಾಸಿನಲ್ಲಿ ಹೊರಡಿಸಿದ ಚಿನ್ನದ ವರಹಗಳ ಮೇಲೆ ವೆಂಕಟೇಶ್ವರನೂ ಇಬ್ಬರು ದೇವಿಯರೂ ಇರುವುದು ನಿಜ. ಪರದೇಶಿ ವರ್ತಕರೂ ಇಲ್ಲಿಯ ದೇವರಿಗೆ ತಲೆಬಾಗಿದರು ಎಂಬ ಕಥನಕ್ಕೆ ಹೀಗೆ ಒಂದು ನೈಜ ಬೇರಿದೆ. ಅದನ್ನೇ ಹಿಡಿದು, ಇಂತಹ ಬಿಲ್ಲೆಗೆ ಅಕ್ಕಿಕಾಳನ್ನು ಸೆಳೆಯುವ ಶಕ್ತಿಯಿದೆ, ವಿದೇಶಿ ಬಾಹ್ಯಾಕಾಶ ಸಂಸ್ಥೆಗಳು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತವೆ ಎಂಬ ‘ರೈಸ್ ಪುಲ್ಲಿಂಗ್’ ವಂಚನೆ ಬೆಳೆದಿದೆ. ಅಕ್ಕಿಯೊಳಗೆ ಕಬ್ಬಿಣದ ಚೂರು, ಬಿಲ್ಲೆಯೊಳಗೆ ಅಯಸ್ಕಾಂತ ಇದರ ಗುಟ್ಟು. ಕರ್ನಾಟಕದಲ್ಲಿಯೂ ಇಂತಹ ಪ್ರಕರಣಗಳು ಪೊಲೀಸ್ ಠಾಣೆಗಳಲ್ಲಿ ದಾಖಲಾಗಿವೆ, ಹಣ ಕಳೆದುಕೊಂಡವರಿದ್ದಾರೆ. ಇಲ್ಲಿ ಮಾರಾಟವಾಗುತ್ತಿರುವುದು ಲೋಹವಲ್ಲ, ಕಥೆ.

5. ಕೊಳ್ಳುವಾಗಿನ ಪರೀಕ್ಷೆ

ಮೇಲಿನ ವಿವೇಚನೆಯಿಂದ ಕೊಳ್ಳುವವರು ಪಾಲಿಸಬೇಕಾದ ಕೆಲವು ಕ್ರಮಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮಾರುವವನ ಮಾತಿಗಿಂತ ಮುಂಚೆ ಬಿಲ್ಲೆಯ ಬರಹವನ್ನು ಓದಬೇಕು. ಅದರಲ್ಲಿರುವ ಹೆಸರು, ಊರು, ಇಸವಿ, ಮೌಲ್ಯಗಳು ಒಂದೇ ಕಾಲಕ್ಕೆ ಹೊಂದುತ್ತವೆಯೇ ಎಂದು ತಾಳೆ ನೋಡಬೇಕು. ಎರಡನೆಯದಾಗಿ, ಅಂಚನ್ನು ಪರೀಕ್ಷಿಸಬೇಕು. ಹದಿನೆಂಟನೆಯ ಶತಮಾನದ ಬಿಲ್ಲೆಗಳಲ್ಲಿ ಹಣ ಸಿಗುವ ಸ್ಥಳ ಹಲವು ವೇಳೆ ಅಂಚಿನಲ್ಲಿಯೇ ಇರುತ್ತದೆ. ಅಂಚಿನ ಮಾತಿಗೂ ಮುಖದ ಮಾತಿಗೂ ಸಂಬಂಧವಿಲ್ಲದಿದ್ದರೆ ಅದನ್ನು ಸಂಶಯದಿಂದ ನೋಡಬೇಕು. ಮೂರನೆಯದಾಗಿ, ತೂಕ ಮತ್ತು ತಯಾರಿಕೆಯ ವಿಧಾನ. ಅಚ್ಚಿನಿಂದ ಒತ್ತಿದ ಬಿಲ್ಲೆಯ ಅಕ್ಷರಗಳ ಬದಿ ಚೂಪಾಗಿರುತ್ತದೆ. ಎರಕದ ನಕಲಿನಲ್ಲಿ ಅಕ್ಷರ ಮಬ್ಬಾಗಿ, ಮೈಮೇಲೆ ಸಣ್ಣ ಗುಳಿಗಳೂ ಅಂಚಿನ ಸುತ್ತ ಕೂಡುಗೆರೆಯೂ ಕಾಣಬಹುದು. ಸೂಚಿಗ್ರಂಥದ ಚಿತ್ರ ಮತ್ತು ವಿವರಗಳೊಂದಿಗೆ ಹೋಲಿಸದೆ ಹೆಚ್ಚಿನ ಬೆಲೆ ಕೊಡುವುದು ಸರಿಯಲ್ಲ.

ನಾಲ್ಕನೆಯ ವಿಷಯ ಬಿಲ್ಲೆಯ ಮೈಬಣ್ಣ. ತಾಮ್ರ ಹಿತ್ತಾಳೆಗಳನ್ನು ಹುಣಸೆಹುಳಿ ಹಚ್ಚಿ ತಿಕ್ಕಿ ಬೆಳಗುವುದು ಮನೆವಾರ್ತೆಯಲ್ಲಿ ಒಳ್ಳೆಯ ರೂಢಿ. ಹಳೆಯ ಬಿಲ್ಲೆಗೆ ಮಾತ್ರ ಅದು ಹಾನಿಕರ. ಕಾಲಾಂತರದಲ್ಲಿ ಕಟ್ಟಿದ ಕಂದು ಪದರ ಹೋದರೆ ಮತ್ತೆ ಬಾರದು, ಜೊತೆಗೆ ಸಣ್ಣ ಗೆರೆಗಳೂ ಅಳಿಯುತ್ತವೆ. ಮಾರುಕಟ್ಟೆ ಹೊಳಪಿಗೆ ಹೆಚ್ಚು ಬೆಲೆ ಕಟ್ಟುತ್ತದೆ. ಆದರೆ ಹೊಚ್ಚಹೊಸದರಂತಿರುವ ಬಿಲ್ಲೆ ಪೇಟೆಯನ್ನೇ ಕಾಣದೆ ಕಪಾಟಿಗೆ ಹೋದದ್ದಿರಬಹುದು. ಸವಕಲು ಬಿಲ್ಲೆ ನೂರಾರು ಕೈಗಳನ್ನು ದಾಟಿದ್ದಕ್ಕೆ ತಾನೇ ಸಾಕ್ಷಿ. ಎರಡಕ್ಕೂ ಸಂಗ್ರಹದಲ್ಲಿ ಸ್ಥಾನವುಂಟು, ಯಾವುದು ಯಾವುದಕ್ಕೆ ಸಾಕ್ಷಿ ಎಂಬ ತಿಳಿವಳಿಕೆ ಮಾತ್ರ ಇರಬೇಕು.

ಐದನೆಯದು ಮತ್ತು ಅತ್ಯಂತ ಮುಖ್ಯವಾದುದು ಸಿಕ್ಕ ಸ್ಥಳ. ವರ್ತಕನ ಮಾತು ಎಷ್ಟು ದೂರ ಸಲ್ಲುತ್ತಿತ್ತು ಎಂಬುದನ್ನು ಬಿಲ್ಲೆ ಹೊರಟ ಊರು ಮತ್ತು ಅದು ದೊರೆತ ಊರುಗಳ ನಡುವಣ ಅಂತರವೇ ತಿಳಿಸಬಲ್ಲದು. ಸ್ಥಳದ ವಿವರ ಕಳೆದುಹೋದರೆ ಈ ಜ್ಞಾನವೂ ಹೋಗುತ್ತದೆ. ಅದನ್ನು ಯಾವ ಬೆಲೆ ಕೊಟ್ಟರೂ ಮರಳಿ ಪಡೆಯಲಾಗದು. ಆದ್ದರಿಂದ ಯಾರಿಂದ, ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡದ್ದೆಂಬುದನ್ನು ಬಿಲ್ಲೆಯೊಂದಿಗೇ ಬರೆದಿಡಬೇಕು. ಭಾರತದಲ್ಲಿ ನೂರು ವರ್ಷ ದಾಟಿದ ಇಂತಹ ವಸ್ತುಗಳು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವಂತಿಲ್ಲ. ನೆಲದಡಿ ಸಿಕ್ಕ ನಿಧಿಯಿಂದ ಬಂದ ವಸ್ತುವೆಂಬ ಅನುಮಾನವಿದ್ದರೆ ಕೊಳ್ಳದೆ ಸರ್ಕಾರದ ಗಮನಕ್ಕೆ ತರುವುದೇ ಯೋಗ್ಯ.

6. ಸಮಾರೋಪ

ಬಿಲ್ಲೆಗೆ ಅಂಟಿಕೊಂಡ ಕಥೆ ಸುಳ್ಳಾದ ಮಾತ್ರಕ್ಕೆ ಅದನ್ನು ಎಸೆಯಬೇಕಾಗಿಲ್ಲ. ಗೊಡೈವಾಳ ಸವಾರಿಯಂತೆ ಹನುಮಂತನ ಒಂದಾಣೆಯೂ ತನ್ನನ್ನು ನಂಬಿದ ಸಮಾಜದ ಬಗೆಗೆ ಬಹಳಷ್ಟನ್ನು ಹೇಳುತ್ತದೆ. ಸಂಗ್ರಹಾಲಯಗಳು ಅದನ್ನು ಕಂಪನಿಯ ನಾಣ್ಯಗಳ ಸಾಲಿನಲ್ಲಿಡದೆ, ಆಧುನಿಕ ನಂಬಿಕೆಯ ವಸ್ತುವೆಂದು ಹೆಸರಿಸಿ, ಅದರ ಕಥೆಯನ್ನೂ ಜೊತೆಯಲ್ಲಿ ದಾಖಲಿಸಿದರೆ ಅದೂ ಆಕರವಾಗುತ್ತದೆ. ವರ್ತಕರ ಬಿಲ್ಲೆ ಮೂಲತಃ ಕೊಟ್ಟ ಮಾತಿನ ಗುರುತು. ಅದನ್ನು ಕೊಳ್ಳುವವನು ಆ ಮಾತು ಯಾರದು, ಯಾರಿಗೆ ಕೊಟ್ಟದ್ದು, ಎಲ್ಲಿಯವರೆಗೆ ನಡೆಯಿತು ಎಂದು ಕೇಳಿದಾಗ ಹಣವೂ ಉಳಿಯುತ್ತದೆ, ಚರಿತ್ರೆಯೂ ಉಳಿಯುತ್ತದೆ.