ಮರವಲ್ಲದ ಮರದ ಕಾರು



ಮುಂದಿನ ವಾರ ಕನ್ನಡ ಶಾಲೆಗೆ ಬಂದಾಗ, ಒಳಗೆ ಓಡುವ ಮೊದಲು ಪಾರ್ಕಿಂಗ್ ಜಾಗದಲ್ಲಿ ಒಂದು ನಿಮಿಷ ನಿಂತು ಸುತ್ತ ನೋಡಿ. ಮಿನಿವ್ಯಾನ್, ಎಸ್‌ಯುವಿ, ಮತ್ತೊಂದು ಎಸ್‌ಯುವಿ, ಮತ್ತೊಂದು ಮಿನಿವ್ಯಾನ್. ಅರವತ್ತು ವರ್ಷದ ಹಿಂದೆ ಇದೇ ಮಿಷಿಗನ್‌ನಲ್ಲಿ ಯಾವುದೋ ಒಂದು ಶಾಲೆಯ ಮುಂದೆ ನಿಂತಿದ್ದರೆ ನಿಮಗೆ ಕಾಣುತ್ತಿದ್ದುದು ಬೇರೆಯೇ: ಉದ್ದನೆಯ, ತಗ್ಗಾದ, ಪಕ್ಕಕ್ಕೆ ಮರದ ಹಲಗೆ ಹೊಡೆದಂತೆ ಕಾಣುವ ಕಾರುಗಳು. ಅವುಗಳನ್ನು ಸ್ಟೇಷನ್ ವ್ಯಾಗನ್ ಎನ್ನುತ್ತಿದ್ದರು.

ಅಂಥದ್ದೊಂದು ಕಾರು ನಮ್ಮ ಪಕ್ಕದ ಮನೆಯ ಗ್ಯಾರೇಜಿನಲ್ಲಿದೆ. 1966ರ ಫೋರ್ಡ್ ಕಂಟ್ರಿ ಸ್ಕ್ವೈರ್. ಆ ಮನೆಯ ತಾತ ಚಿಕ್ಕ ಹುಡುಗನಾಗಿದ್ದಾಗ ಅವರ ಅಪ್ಪ ಕೊಂಡಿದ್ದಂತೆ. ಕಾರಿನ ತೀರಾ ಹಿಂಭಾಗದಲ್ಲಿ, ಸಾಮಾನು ಇಡುವ ಜಾಗದಲ್ಲಿ, ಎದುರುಬದುರಾಗಿ ಎರಡು ಪುಟ್ಟ ಸೀಟುಗಳಿವೆ. ತಾತನ ಬಾಲ್ಯದ ಬೇಸಿಗೆ ರಜೆಗಳೆಲ್ಲ ಆ ಸೀಟಿನಲ್ಲೇ ಕಳೆದಿವೆ. ಈಗ ಏಳು ವರ್ಷದ ಮೊಮ್ಮಗಳನ್ನು ಅದೇ ಸೀಟಿನಲ್ಲಿ ಕೂರಿಸಿಕೊಂಡು ಊರು ಸುತ್ತಿಸಬೇಕು ಎನ್ನುವುದು ಅವರ ಆಸೆ. ಅದಕ್ಕಾಗಿಯೇ ಮೂರು ವರ್ಷದಿಂದ ಕಾರನ್ನು ಬಿಚ್ಚಿ ಜೋಡಿಸುತ್ತಿದ್ದಾರೆ. ಕಳೆದ ಬೇಸಿಗೆಯಿಂದ ನಾನೂ ಸ್ಪ್ಯಾನರ್ ಎತ್ತಿಕೊಡುವ ಕೆಲಸಕ್ಕೆ ಸೇರಿದ್ದೇನೆ.

ನಮ್ಮಪ್ಪ ಬ್ರೇಕ್ ವಿಭಾಗದಲ್ಲಿ ಎಂಜಿನಿಯರ್. ಅವರು ಒಂದು ದಿನ ಕಾರನ್ನು ನೋಡಲು ಬಂದರು, ಬಾನೆಟ್ ಎತ್ತಿ ನೋಡಿದರು, ಹಿಂದಿನ ಸೀಟನ್ನೂ ನೋಡಿದರು. ಮನೆಗೆ ಬಂದ ಮೇಲೆ ನನಗೆ ಹೇಳಿದ್ದು ಇಷ್ಟೇ: "ರಿಪೇರಿ ಎಷ್ಟು ಬೇಕಾದರೂ ಮಾಡು. ಆದರೆ ಅದರಲ್ಲಿ ನೀನು ಕೂರುವ ಹಾಗಿಲ್ಲ. ಆ ಮಗುವಂತೂ ಕೂರಲೇಬಾರದು." ತಾತನ ಆಸೆಗೂ ಅಪ್ಪನ ಮಾತಿಗೂ ನಡುವೆ ಸಿಕ್ಕಿಕೊಂಡು ನಾನು ಈ ಕಾರಿನ ಚರಿತ್ರೆ ಓದಲು ಶುರುಮಾಡಿದೆ.

ಮೊದಲು ಹೆಸರಿನ ವಿಷಯ. ನಮ್ಮ ಊರುಗಳಲ್ಲಿ ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಗಾಡಿಗಳು ಕಾದು ನಿಂತಿರುತ್ತಿದ್ದವು ಎಂದು ನಿಮ್ಮ ಅಜ್ಜಿ ತಾತಂದಿರು ಹೇಳಿರಬಹುದು. ಅಮೆರಿಕದಲ್ಲೂ ಹಾಗೆಯೇ. ರೈಲಿನಿಂದ ಇಳಿದವರನ್ನೂ ಅವರ ಪೆಟ್ಟಿಗೆಗಳನ್ನೂ ಹೋಟೆಲ್ಲಿಗೋ ಮನೆಗೋ ಮುಟ್ಟಿಸುವ ಕುದುರೆ ಗಾಡಿಗಳಿದ್ದವು. ಕಾರು ಬಂದ ಮೇಲೆ ಬಡಗಿಗಳು ಫೋರ್ಡ್ ಮಾಡೆಲ್ ಟಿ ಕಾರಿನ ಅಡಿಗಟ್ಟಿನ ಮೇಲೆ ಮರದ ಪೆಟ್ಟಿಗೆ ಕಟ್ಟಿ ಅದೇ ಕೆಲಸಕ್ಕೆ ಬಿಟ್ಟರು. ಸ್ಟೇಷನ್ನಿನ ಗಾಡಿ, ಅಂದರೆ ಸ್ಟೇಷನ್ ವ್ಯಾಗನ್. ಅಷ್ಟೇ ಅದರ ಅರ್ಥ. 1929ರಲ್ಲಿ ಫೋರ್ಡ್ ಕಂಪನಿಯೇ ತನ್ನ ಮಾಡೆಲ್ ಎ ಕಾರಿನಲ್ಲಿ ಮರದ ಮೈಯ ಸ್ಟೇಷನ್ ವ್ಯಾಗನ್ ಮಾರಲು ಆರಂಭಿಸಿತು.

ಆ ಮರ ಎಲ್ಲಿಂದ ಬಂತು ಎನ್ನುವುದು ನನಗೆ ತುಂಬಾ ಇಷ್ಟವಾದ ಭಾಗ. ಮಿಷಿಗನ್ ರಾಜ್ಯದ ಉತ್ತರದ ತುಂಡಿನಲ್ಲಿ, ಇಲ್ಲಿಂದ ಸುಮಾರು ಎಂಟು ಗಂಟೆ ದಾರಿಯಲ್ಲಿ, ಐರನ್ ಮೌಂಟನ್ ಎಂಬ ಊರಿದೆ. 1920ರ ಹೊತ್ತಿಗೆ ಹೆನ್ರಿ ಫೋರ್ಡ್ ಆ ಕಡೆ 3 ಲಕ್ಷ ಎಕರೆಗೂ ಹೆಚ್ಚು ಕಾಡನ್ನು ಕೊಂಡರು. ಅವರಿಗೆ ಅದರಲ್ಲಿ ನೆರವಾದವರು ಅವರ ಸೋದರ ಸಂಬಂಧಿಯ ಗಂಡ ಎಡ್ವರ್ಡ್ ಕಿಂಗ್ಸ್‌ಫರ್ಡ್. ಅಲ್ಲಿ ಮರ ಕೊಯ್ಯುವ ದೊಡ್ಡ ಕಾರ್ಖಾನೆ ಎದ್ದಿತು. ಚೌಕಟ್ಟಿಗೆ ಗಟ್ಟಿಯಾದ ಮೇಪಲ್, ನಡುವಿನ ಹಲಗೆಗೆ ಬೇರೆ ಮರ. ಕೊಯ್ದು ಉಳಿದ ಚೂರು, ಹೊಟ್ಟು ಎಸೆಯಲು ಫೋರ್ಡರಿಗೆ ಮನಸ್ಸಾಗಲಿಲ್ಲ. ಅದನ್ನು ಸುಟ್ಟು, ಒತ್ತಿ, ಇದ್ದಿಲ ಬಿಲ್ಲೆ ಮಾಡಿ, ಫೋರ್ಡ್ ಕಾರಿನ ಅಂಗಡಿಗಳಲ್ಲೇ ಮಾರಿದರು! ಆ ವ್ಯಾಪಾರ ಮುಂದೆ ಬೇರೆಯವರ ಕೈಗೆ ಹೋಗಿ ಕಿಂಗ್ಸ್‌ಫರ್ಡ್ ಎಂಬ ಹೆಸರು ಪಡೆಯಿತು. ಹೌದು, ನಮ್ಮ ಪಿಕ್‌ನಿಕ್‌ನಲ್ಲಿ ಮುಸುಕಿನ ಜೋಳ ಸುಡುವ ಇದ್ದಿಲಿನ ಚೀಲದ ಮೇಲಿರುವ ಅದೇ ಕಿಂಗ್ಸ್‌ಫರ್ಡ್. ಎರಡನೇ ಮಹಾಯುದ್ಧ ಬಂದಾಗ ಅದೇ ಕಾರ್ಖಾನೆಯಲ್ಲಿ ಸೈನಿಕರನ್ನು ಒಯ್ಯುವ ಎಂಜಿನ್ ಇಲ್ಲದ ಗ್ಲೈಡರ್ ವಿಮಾನಗಳನ್ನು ಕಟ್ಟಿದರು, 4,000ಕ್ಕೂ ಹೆಚ್ಚು. ಮರದ ಕೆಲಸ ಬಲ್ಲ ಕೈಗಳಿಗೆ ಕಾರಾದರೇನು, ವಿಮಾನವಾದರೇನು!

ಆದರೆ ಮರದ ಕಾರನ್ನು ಸಾಕುವುದು ಸುಲಭವಲ್ಲ. ಮಳೆ ಹಿಮಕ್ಕೆ ಅದು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಕೀಲುಗಳು ಕಿರ್ರೆನ್ನುತ್ತವೆ. ದೋಣಿಗೆ ಹಚ್ಚುವಂತೆ ಮತ್ತೆ ಮತ್ತೆ ವಾರ್ನಿಷ್ ಹಚ್ಚುತ್ತಿರಬೇಕು. ಹಾಗಾಗಿ 1946ರಲ್ಲಿ ವಿಲ್ಲಿಸ್ ಕಂಪನಿ ಪೂರ್ತಿ ಉಕ್ಕಿನ ಸ್ಟೇಷನ್ ವ್ಯಾಗನ್ ತಂದಿತು. ತಮಾಷೆಯೆಂದರೆ, ಅದಕ್ಕೆ ಬಳಿದ ಬಣ್ಣ ಮಾತ್ರ ಮರದಂತೆಯೇ ಇತ್ತು. 1952ರಲ್ಲಿ ಫೋರ್ಡ್ ಕೂಡ ಉಕ್ಕಿಗೆ ಬಂತು. ಕಂಟ್ರಿ ಸ್ಕ್ವೈರ್‌ನ ಪಕ್ಕಗಳಿಗೆ ಮರದ ಚಿತ್ರವಿರುವ ಹಾಳೆ ಅಂಟಿಸಿದರು, ಸುತ್ತಲಿನ ಪಟ್ಟಿಗಳು ಮಾತ್ರ ಸ್ವಲ್ಪ ಕಾಲ ನಿಜವಾದ ಮರದವೇ ಆಗಿದ್ದವು. ಆಮೇಲೆ ಅವೂ ಫೈಬರ್‌ಗ್ಲಾಸ್ ಆದವು. ಮರ ಹೋಯಿತು, ಮರದ ಸ್ಟಿಕ್ಕರ್ ಉಳಿಯಿತು. ಜನ ಅದಕ್ಕೇ ಹೆಚ್ಚು ದುಡ್ಡು ಕೊಟ್ಟು ನಾಲ್ಕು ದಶಕ ಕೊಂಡರು.

ಈಗ ತಾತನ ಗ್ಯಾರೇಜಿಗೆ ಬನ್ನಿ. ಕಾರು 17 ಅಡಿಗೂ ಉದ್ದ. ಎಂಟು ಸಿಲಿಂಡರಿನ 6.4 ಲೀಟರ್ ಎಂಜಿನ್. ಮುಂದೆ ಮೂವರು, ನಡುವೆ ಮೂವರು, ಹಿಂದಿನ ಪುಟ್ಟ ಸೀಟುಗಳಲ್ಲಿ ನಾಲ್ವರು ಮಕ್ಕಳು, ಒಟ್ಟು ಹತ್ತು ಜನ. ಹಿಂಬಾಗಿಲು ಒಂದು ವಿಶೇಷ: ಲಾರಿಯ ಹಲಗೆಯಂತೆ ಕೆಳಕ್ಕೂ ಬೀಳುತ್ತದೆ, ಮನೆಯ ಬಾಗಿಲಿನಂತೆ ಪಕ್ಕಕ್ಕೂ ತೆರೆಯುತ್ತದೆ. ಅದು 1966ರ ಫೋರ್ಡ್‌ಗಳಲ್ಲಿ ಹೊಸದಾಗಿ ಬಂದದ್ದು. ಅದರ ಕೀಲನ್ನು ಬಿಚ್ಚಿ ಮತ್ತೆ ಕೂರಿಸಲು ನಮಗೆ ಮೂರು ಭಾನುವಾರ ಬೇಕಾಯಿತು.

ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರಲ್ಲ, ಹಳೆಯ ಕಾರುಗಳ ಶತ್ರು ಅದೇ. ಹಳೆಯ ಸ್ಟಿಕ್ಕರನ್ನು ಬಿಸಿ ಗಾಳಿಯಿಂದ ಮೆತ್ತಗೆ ಮಾಡಿ ಸುಲಿಯುತ್ತಿದ್ದಾಗ ಕೆಳಗಿನ ತಗಡೂ ಹಪ್ಪಳದಂತೆ ಚೂರಾಗಿ ಬಂತು. ಕಾಲಿಡುವ ತಳದಲ್ಲಿ ನೆಲವೇ ಕಾಣುತ್ತಿತ್ತು. ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದಕ್ಕೇ ಒಂದು ವರ್ಷ ಹೋಯಿತು.

ಹಾಸನದಿಂದ ಬಂದಿದ್ದ ನನ್ನ ಅಜ್ಜಿ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದರು. "ಜೀರ್ಣೋದ್ಧಾರ ಅನ್ನು" ಎಂದರು. ನಾನು ಆ ಪದವನ್ನು ದೇವಸ್ಥಾನಕ್ಕೆ, ಕೆರೆಗೆ ಹೇಳುವುದನ್ನು ಮಾತ್ರ ಕೇಳಿದ್ದೆ. "ಕಾರಿಗೂ ಹೇಳಬಹುದಾ ಅಜ್ಜಿ?" ಎಂದೆ. "ಯಾಕೆ ಹೇಳಬಾರದು? ಆದ್ರೆ ಜೀರ್ಣೋದ್ಧಾರ ಅಂತ ಹೇಳ್ಕೊಂಡು ಹಳೇ ಕಲ್ಲಿನ ಮೇಲೆಲ್ಲ ಆಯಿಲ್ ಪೇಂಟ್ ಬಳಿದುಬಿಡ್ತಾರೆ ಕಣೇ. ಹಂಗೆ ಮಾಡ್ಬೇಡಿ ಅಷ್ಟೇ."

ಹಳೆಯ ಕಾರು ಸರಿಮಾಡುವವರೆಲ್ಲ ಇದೇ ವಿಷಯಕ್ಕೆ ಜಗಳವಾಡುತ್ತಾರೆ. ಒಂದು ಗುಂಪಿಗೆ ಕಾರ್ಖಾನೆಯಿಂದ ಬಂದಾಗ ಇದ್ದ ತಿರುಪು ಕೂಡ ಬದಲಾಗಬಾರದು. ಇನ್ನೊಂದು ಗುಂಪು ಹಳೆಯ ಮೈಯೊಳಗೆ ಹೊಸ ಎಂಜಿನ್, ಎಸಿ, ಟಚ್ ಸ್ಕ್ರೀನ್ ಎಲ್ಲ ತುಂಬಿಬಿಡುತ್ತದೆ. ತಾತ ಮೊದಲ ಗುಂಪಿನವರು. ನಾನೂ ಮೊದಲು ಅದೇ ಸರಿ ಎಂದುಕೊಂಡಿದ್ದೆ.

ನನ್ನ ಅಭಿಪ್ರಾಯ ಬದಲಾದದ್ದು ಬ್ರೇಕಿನಿಂದ. ಅಪ್ಪ ಹೇಳಿದ್ದನ್ನು ಹೇಳುತ್ತೇನೆ, ಚಿಕ್ಕ ತರಗತಿಯವರಿಗೂ ಅರ್ಥವಾಗುತ್ತದೆ. ನೀವು ಬ್ರೇಕ್ ತುಳಿದಾಗ ಒಂದು ಡಬ್ಬಿಯಲ್ಲಿರುವ ಎಣ್ಣೆ ಒತ್ತಡದಿಂದ ಕೊಳವೆಗಳ ಮೂಲಕ ನಾಲ್ಕು ಚಕ್ರಕ್ಕೂ ಹೋಗುತ್ತದೆ. 1966ರ ಈ ಕಾರಿನಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಇರುವುದು ಒಂದೇ ಮನೆಯ ಡಬ್ಬಿ. ಎಲ್ಲೋ ಒಂದು ಕಡೆ ಕೊಳವೆ ಒಡೆದರೆ ಎಣ್ಣೆಯೆಲ್ಲ ಸೋರಿ, ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಪೆಡಲ್ ನೇರ ನೆಲಕ್ಕೆ. ಮರುವರ್ಷದ, ಅಂದರೆ 1967ರ ಕಾರುಗಳಲ್ಲಿ ಡಬ್ಬಿಯೊಳಗೆ ಎರಡು ಮನೆ ಮಾಡಿದರು: ಮುಂದಿನ ಚಕ್ರಗಳಿಗೆ ಒಂದು, ಹಿಂದಿನವಕ್ಕೆ ಒಂದು. ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. ಎಷ್ಟು ಸಣ್ಣ ಬದಲಾವಣೆ ನೋಡಿ! ಅದು ಬಂದದ್ದು ಕಾರು ಹುಟ್ಟಿ ಸುಮಾರು ಎಂಬತ್ತು ವರ್ಷ ಕಳೆದ ಮೇಲೆ.

ಯಾಕೆ ಅಷ್ಟು ತಡ? ಗೊತ್ತಿಲ್ಲದೆ ಅಲ್ಲ. 1956ರಲ್ಲೇ ಫೋರ್ಡ್ ಕಂಪನಿ ಸೀಟ್ ಬೆಲ್ಟ್, ಮೆತ್ತೆ ಹಾಕಿದ ಡ್ಯಾಶ್‌ಬೋರ್ಡ್ ಎಲ್ಲವನ್ನೂ ಮಾರಿತ್ತು. ಆದರೆ ಬೇಕಾದವರು ಹೆಚ್ಚು ಹಣ ಕೊಟ್ಟು ಹಾಕಿಸಿಕೊಳ್ಳಬೇಕಿತ್ತು. ಅದರ ಹಿಂದಿದ್ದವರು ರಾಬರ್ಟ್ ಮ್ಯಾಕ್ನಮಾರ, ಮುಂದೆ ಅಮೆರಿಕದ ರಕ್ಷಣಾ ಸಚಿವರಾದವರು. 1959ರಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೊಹ್ಲಿನ್ ನಾವು ಇವತ್ತು ಹಾಕುವ, ಹೆಗಲಿನಿಂದ ಸೊಂಟಕ್ಕೆ ಬರುವ ಬೆಲ್ಟ್ ತಂದರು. ವೋಲ್ವೊ ಅದರ ಪೇಟೆಂಟನ್ನು ಎಲ್ಲ ಕಂಪನಿಗಳಿಗೂ ಬಿಟ್ಟುಕೊಟ್ಟಿತು. ಹಾಗಿದ್ದೂ ಏಳು ವರ್ಷದ ನಂತರ ತಯಾರಾದ ತಾತನ ಕಾರಿನಲ್ಲಿ ಇದ್ದದ್ದು ಸೊಂಟಕ್ಕೆ ಮಾತ್ರ ಬಿಗಿಯುವ ಪಟ್ಟಿ. ಹಿಂದಿನ ಮಕ್ಕಳ ಸೀಟಿನಲ್ಲಿ ಅದೂ ಇರಲಿಲ್ಲ.

1965ರ ನವೆಂಬರ್‌ನಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲರು ಅಮೆರಿಕದ ಕಾರುಗಳ ಅಪಾಯದ ಬಗ್ಗೆ ಒಂದು ಪುಸ್ತಕ ಬರೆದರು. ದೇಶದಲ್ಲಿ ದೊಡ್ಡ ಗದ್ದಲವಾಯಿತು. 1966ರ ಸೆಪ್ಟೆಂಬರ್ 9ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಕಾರುಗಳ ಸುರಕ್ಷತೆಯ ಕಾನೂನಿಗೆ ಸಹಿ ಹಾಕಿದರು. 1968ರಿಂದ ಹೊಸ ಕಾರುಗಳಲ್ಲಿ ಸೀಟ್ ಬೆಲ್ಟ್ ಕಡ್ಡಾಯ. ಅಪಘಾತವಾದಾಗ ಚಾಲಕನ ಎದೆಗೆ ಚುಚ್ಚದೆ ಕುಸಿಯುವ ಸ್ಟಿಯರಿಂಗ್ ಕಂಬವೂ ಕಡ್ಡಾಯ. ಅಂದರೆ ತಾತನ ಕಾರು ಆ ಕಾನೂನಿಗೆ ಸ್ವಲ್ಪ ಮುಂಚೆ ಹುಟ್ಟಿದ್ದು.

"ನಾವೆಲ್ಲ ಹಾಗೇ ಬೆಳೆದೆವಲ್ಲ, ಏನೂ ಆಗಲಿಲ್ಲ" ಎನ್ನುತ್ತಾರೆ ತಾತ. ಆಶ್ಚರ್ಯವೆಂದರೆ ಅಜ್ಜಿಯದೂ ಅದೇ ಮಾತು. "ಒಂದು ಅಂಬಾಸಿಡರ್‌ನಲ್ಲಿ ಹನ್ನೊಂದು ಜನ ಧರ್ಮಸ್ಥಳಕ್ಕೆ ಹೋಗಿದ್ವಿ ಕಣೇ. ಶಿರಾಡಿ ಘಾಟಿಯಲ್ಲಿ ನಿಮ್ಮಪ್ಪ ನನ್ನ ತೊಡೆ ಮೇಲೆ ನಿದ್ದೆ." ಅಪ್ಪ ಪಕ್ಕದಲ್ಲೇ ಇದ್ದರು, ಏನೂ ಹೇಳಲಿಲ್ಲ. ನಾನು ಅಂಕಿ ಹುಡುಕಿದೆ. 1966ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತವರು ಸುಮಾರು 50,000. ಆಗ ಕಾರುಗಳೆಲ್ಲ ಸೇರಿ 10 ಕೋಟಿ ಮೈಲಿ ಓಡಿದರೆ ಐದಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಈಗ ಅಷ್ಟೇ ಮೈಲಿಗೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಏನೂ ಆಗಲಿಲ್ಲ ಎನ್ನಲು ಆ 50,000 ಜನ ಬರುವುದಿಲ್ಲ. ಇದನ್ನು ತಾತನಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಅವರ ತರಗತಿಯ ಒಬ್ಬ ಹುಡುಗ ನೆನಪಾದನಂತೆ.

ಆ ಹಿಂದಿನ ಸೀಟಿನ ಇನ್ನೊಂದು ಅಪಾಯ ನನಗೆ ಗೊತ್ತೇ ಇರಲಿಲ್ಲ. ಸ್ಟೇಷನ್ ವ್ಯಾಗನ್ನಿನ ಬೆನ್ನು ಗೋಡೆಯಂತೆ ಚಪ್ಪಟೆ. ಓಡುವಾಗ ಗಾಳಿ ಅದರ ಹಿಂದೆ ಸುತ್ತಿಕೊಳ್ಳುತ್ತದೆ. ಹಿಂದಿನ ಗಾಜು ಇಳಿಸಿದ್ದರೆ ಸೈಲೆನ್ಸರಿನ ಹೊಗೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸೆಕೆಗೆ ಆ ಗಾಜು ಇಳಿಸಿಕೊಂಡು ಕೂರುತ್ತಿದ್ದವರು ಮಕ್ಕಳೇ.

ಕೊನೆಗೆ ತಾತ ಒಪ್ಪಿದರು, ಒಂದೊಂದಾಗಿ. ಎರಡು ಮನೆಯ ಬ್ರೇಕ್ ಡಬ್ಬಿ ಬಂತು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು, ರೇಡಿಯಲ್ ಟೈರುಗಳು ಬಂದವು. ಆಗಿನ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು, ಎಂಜಿನ್ನಿನ ವಾಲ್ವುಗಳು ಅದಕ್ಕೆ ಒಗ್ಗಿಕೊಂಡಿದ್ದವು. ಇಲ್ಲಿ ರಸ್ತೆ ಕಾರುಗಳಿಗೆ ಸೀಸದ ಪೆಟ್ರೋಲ್ 1996ರಿಂದ ಪೂರ್ತಿ ನಿಷೇಧ. ಹಾಗಾಗಿ ವಾಲ್ವ್ ಕೂರುವ ಜಾಗಕ್ಕೆ ಗಟ್ಟಿ ಲೋಹದ ಉಂಗುರ ಹಾಕಿಸಬೇಕಾಯಿತು. ನಡುವಿನ ಸಾಲಿಗೆ ಹೆಗಲ ಬೆಲ್ಟ್ ಹಾಕಿಸಿದ್ದು ಮಾತ್ರ ಹೊರಗಿನ ಅಂಗಡಿಯಲ್ಲಿ. ಬರೀ ತಗಡಿಗೆ ತಿರುಪು ಹೊಡೆದರೆ ಅಪಘಾತದಲ್ಲಿ ಕಿತ್ತು ಬರುತ್ತದೆ, ಒಳಗೆ ದಪ್ಪ ಉಕ್ಕಿನ ಪಟ್ಟಿ ಬೆಸೆಯಬೇಕು. ಅಪ್ಪ ತಾವೇ ಹೋಗಿ ಆ ಬೆಸುಗೆ ನೋಡಿ ಬಂದರು. ಮೊಮ್ಮಗಳ ಬೂಸ್ಟರ್ ಸೀಟು ಈಗ ಅಲ್ಲಿ ಕೂರುತ್ತದೆ.

ಬದಲಾಯಿಸದೆ ಬಿಟ್ಟದ್ದೂ ಇದೆ. ಒಂದೇ ಸ್ಪೀಕರಿನ ರೇಡಿಯೊ, ಹಾವಿನಂಥ ಉದ್ದನೆಯ ಮುಂದಿನ ಸೀಟು, ಹಿಂಬಾಗಿಲು, ಮತ್ತೆ ಆ ಮರದ ಸ್ಟಿಕ್ಕರ್. ಡಿಯರ್‌ಬಾರ್ನ್ ಮ್ಯೂಸಿಯಂನಲ್ಲಿ ನಿಂತ ಕಾರನ್ನು ಇದ್ದಂತೆಯೇ ಇಡುವುದು ಸರಿ ಎಂದೇ ಈಗಲೂ ನನ್ನ ಅಭಿಪ್ರಾಯ, ಏಕೆಂದರೆ ಅದು ಹೆದ್ದಾರಿಗೆ ಇಳಿಯುವುದಿಲ್ಲ.

ಕಂಟ್ರಿ ಸ್ಕ್ವೈರ್ ತಯಾರಿಕೆ 1991ಕ್ಕೆ ನಿಂತಿತು. 1983ರ ಕೊನೆಯಲ್ಲಿ ನಮ್ಮ ನದಿಯಾಚೆಯ ವಿಂಡ್ಸರ್ ಊರಿನಲ್ಲಿ ಕ್ರೈಸ್ಲರ್ ಮಿನಿವ್ಯಾನ್ ತಯಾರಿಸಲು ಶುರುಮಾಡಿದ ಮೇಲೆ ತಾಯ್ತಂದೆಯರೆಲ್ಲ ಆ ಕಡೆ ತಿರುಗಿದರು. ಮೈಲೇಜ್ ಕಾನೂನು ಕಾರುಗಳಿಗೆ ಬಿಗಿ, ಮಿನಿವ್ಯಾನ್ ಎಸ್‌ಯುವಿಗಳಿಗೆ ಸಡಿಲ ಇದ್ದದ್ದೂ ಒಂದು ಕಾರಣ.

ಹಿಂದಿನ ಎರಡು ಪುಟ್ಟ ಸೀಟುಗಳನ್ನು ತಾತ ಕಿತ್ತಿಲ್ಲ. ಹಳೆಯ ಬಟ್ಟೆಯನ್ನೇ ಒಗೆದು ಹೊಲಿಸಿದ್ದಾರೆ, ಆದರೆ ಯಾರನ್ನೂ ಕೂರಿಸುವುದಿಲ್ಲ. ಜುಲೈ ಪಿಕ್‌ನಿಕ್‌ಗೆ ಕಾರು ಬರುತ್ತದೆ. ಆ ಸೀಟುಗಳ ಮೇಲೆ ಎರಡು ಚೀಲ ಕಿಂಗ್ಸ್‌ಫರ್ಡ್ ಇದ್ದಿಲು, ಒಂದು ಮೂಟೆ ಮುಸುಕಿನ ಜೋಳ ತರುತ್ತೇವೆ. ಬಂದು ನೋಡಿ, ಹಿಂಬಾಗಿಲನ್ನು ಎರಡೂ ರೀತಿ ತೆರೆದು ತೋರಿಸುತ್ತೇನೆ. ಮರವನ್ನು ಮುಟ್ಟಿಯೂ ನೋಡಬಹುದು, ಆದರೆ ದಯವಿಟ್ಟು ಉಗುರು ಹಾಕಬೇಡಿ. ಗಾಳಿಗುಳ್ಳೆ ಇಲ್ಲದೆ ಆ ಸ್ಟಿಕ್ಕರ್ ಅಂಟಿಸಲು ನಮಗೆ ಎರಡು ದಿನ ಹಿಡಿದಿದೆ.